ಬೆಂಗಳೂರು ಬುಲ್ಸ್ ತಂಡದ ವಿಜಯವರ್ಷ: ಒಂದು ವಿವೇಚನೆ

2019ನೆಯ ಇಸವಿ ಜನವರಿ 5ರ ರಾತ್ರಿ. ಹೇಮಗುಡ್ಡದ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಹುಡುಗರೆಲ್ಲ ಟೆಲಿವಿಷನ್ ಮುಂದೆ ಕುಳಿತಿದ್ದೆವು. ಮುಂಬಯಿಯಲ್ಲಿ ಪ್ರೊ ಕಬಡ್ಡಿ ಲೀಗಿನ ಆರನೆಯ ಋತುವಿನ ಅಂತಿಮ ಪಂದ್ಯ. ಬೆಂಗಳೂರು ಬುಲ್ಸ್ ತಂಡಕ್ಕೆ ಗುಜರಾತ್ ಫಾರ್ಚೂನ್‌ಜೈಂಟ್ಸ್ ಎದುರಾಳಿ. ಪ್ರಥಮಾರ್ಧ ಮುಗಿದಾಗ ಗುಜರಾತ್ 16, ಬೆಂಗಳೂರು 9. ನಾವು ಮುಖ ಸಪ್ಪಗೆ ಮಾಡಿಕೊಂಡು ಕುಳಿತಿರುವಾಗ, ಮೂಲೆಯಲ್ಲಿ ಗೋಡೆಗೊರಗಿದ್ದ ದೊಡ್ಡಪ್ಪ ಕೇಳಿದರು: "ಬೆಂಗಳೂರು ಬೆಂಗಳೂರು ಅಂತ ಕುಣೀತೀರಲ್ಲೋ, ಇದರಾಗ ನಮ್ಮ ಕಡೆಯಾವ ಒಬ್ಬನರ ಆಡಾಕತ್ತಾನೇನು?"

ನಮ್ಮಲ್ಲಿ ಯಾರೂ ಉತ್ತರ ಹೇಳಲಿಲ್ಲ. ಆ ಪ್ರಶ್ನೆಯನ್ನು ಕಡೆಗೆ ಇಟ್ಟುಕೊಂಡು, ಮೊದಲು ಆ ತಂಡವು ಗೆದ್ದುದು ಹೇಗೆಂಬುದನ್ನು ಲೆಕ್ಕಹಾಕಿ ನೋಡೋಣ. ಗೆಲವಿನ ಕಾರಣವನ್ನು ಅಂತಿಮ ಪಂದ್ಯವೊಂದರಲ್ಲಿಯೇ ಹುಡುಕುವುದು ನಮ್ಮ ಸಾಮಾನ್ಯ ಅಭ್ಯಾಸ. ನನ್ನ ಮಟ್ಟಿಗೆ, ಅದರ ಅರ್ಧ ಭಾಗವಾದರೂ ಅಂಕಪಟ್ಟಿಯೊಳಗೆ ಅಡಗಿದೆ.

ಕಬಡ್ಡಿಯನ್ನು ಇಲ್ಲಿ ವಿವರಿಸಬೇಕಾದ ಅಗತ್ಯವೇನೂ ಇಲ್ಲ. ಜಾತ್ರೆಯ ಹೊತ್ತಿಗೆ ಮಣ್ಣಿನ ಅಂಕಣದಲ್ಲಿ ಮೊಣಕಾಲು ಕೆತ್ತಿಕೊಳ್ಳದ ಹುಡುಗರು ನಮ್ಮ ಸೀಮೆಯಲ್ಲಿ ವಿರಳ. ಆದರೆ 2014ರಲ್ಲಿ ಆರಂಭವಾದ ಈ ಲೀಗು ಮಣ್ಣಿನ ಆಟವನ್ನು ಮ್ಯಾಟಿನ ಮೇಲೆ ತಂದಾಗ ಕೆಲವು ನಿಯಮಗಳನ್ನು ಬಿಗಿಗೊಳಿಸಿತು. ದಾಳಿಗೆ ಮೂವತ್ತೇ ಸೆಕೆಂಡು. ಎರಡು ದಾಳಿಗಳು ಬರಿದಾದರೆ ಮೂರನೆಯದು 'ಮಾಡು ಇಲ್ಲವೇ ಮಡಿ' ದಾಳಿ. ಅಂಕ ತಾರದೆ ಮರಳಿದವನು ಔಟು. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ ದಾಳಿಗಾರನನ್ನು ಹಿಡಿದರೆ ಒಂದಲ್ಲ, ಎರಡು ಅಂಕ. ಎದುರಾಳಿಗಳೆಲ್ಲರನ್ನೂ ಖಾಲಿ ಮಾಡಿದರೆ, ಎಂದರೆ ಆಲೌಟ್ ಆದರೆ, ಹೆಚ್ಚಿನ ಎರಡು ಅಂಕ. ಹೀಗಾಗಿ ಹೊರನೋಟಕ್ಕೆ ಸೋತು ಹೋದ ತಂಡವೂ ನಾಲ್ಕೈದು ನಿಮಿಷಗಳಲ್ಲಿ ಮೇಲೇಳಬಲ್ಲುದು.

ಆರನೆಯ ಋತುವು 2018ರ ಅಕ್ಟೋಬರ್ 7ರಂದು ಚೆನ್ನೈಯಲ್ಲಿ ಪ್ರಾರಂಭವಾಯಿತು. ಅದಕ್ಕೆ ಕೆಲವೇ ವಾರಗಳ ಹಿಂದೆ, ಆಗಸ್ಟ್ ತಿಂಗಳಿನಲ್ಲಿ, ಜಕಾರ್ತದ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲಿನಲ್ಲಿ ಭಾರತದ ಪುರುಷರ ತಂಡ ಇರಾನಿಗೆ ಸೋತಿತ್ತು. 1990ರಿಂದ ಸತತವಾಗಿ ಏಳು ಬಾರಿ ಚಿನ್ನ ತಂದ ಆಟದಲ್ಲಿ ಆದ ಆ ಸೋಲು ಎಲ್ಲರನ್ನೂ ಕುಗ್ಗಿಸಿದ್ದಿತು. ಬುಲ್ಸ್ ತಂಡದ ನಾಯಕ ರೋಹಿತ್ ಕುಮಾರರು ಆ ಭಾರತ ತಂಡದಲ್ಲಿದ್ದವರೇ.

ಲೀಗಿನಲ್ಲಿದ್ದುದು ಹನ್ನೆರಡು ತಂಡ, ಎರಡು ವಲಯ. ಪ್ರತಿಯೊಂದು ತಂಡಕ್ಕೂ 22 ಪಂದ್ಯಗಳು. ಅವುಗಳಲ್ಲಿ 15 ತನ್ನ ವಲಯದ ಐವರೊಡನೆ ಮೂರು ಮೂರು ಸಲ. ಗೆದ್ದರೆ 5 ಅಂಕ, ಸಮವಾದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತರೆ 1. ಈ ಕೊನೆಯ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು.

ಲೀಗು ಮುಗಿದಾಗ 'ಬಿ' ವಲಯದಲ್ಲಿ ಬೆಂಗಳೂರು ಮೊದಲನೆಯದು: 13 ಗೆಲವು, 7 ಸೋಲು, 2 ಸಮ, ಒಟ್ಟು 78 ಅಂಕ. ಈಗ ಲೆಕ್ಕ ಮಾಡಿ. 13 ಗೆಲವುಗಳಿಗೆ 65, ಎರಡು ಸಮಕ್ಕೆ 6, ಕೂಡಿದರೆ 71. ಉಳಿದ 7 ಅಂಕಗಳು ಎಲ್ಲಿಂದ ಬಂದುವು? ಏಳು ಸೋಲುಗಳಿಂದಲ್ಲದೆ ಬೇರೆ ಮೂಲವಿಲ್ಲ. ಅಂದರೆ ಬೆಂಗಳೂರು ಆ ಮೂರು ತಿಂಗಳಲ್ಲಿ ಸೋತ ಏಳು ಪಂದ್ಯಗಳಲ್ಲಿ ಒಂದರಲ್ಲಾದರೂ ಎಂಟು ಅಂಕಗಳ ಅಂತರದಿಂದ ಸೋಲಲಿಲ್ಲ! ಒಂದೊಂದು ಪಂದ್ಯದ ವರದಿಯನ್ನೂ ತಿರುವಿ ನೋಡಬೇಕಾಗಿಲ್ಲ; ಪಟ್ಟಿಯ ಒಂದು ಸಾಲೇ ಇದನ್ನು ಹೇಳುತ್ತದೆ. ಇದನ್ನು ಮೊದಲ ಸಲ ಕಾಗದದ ಮೇಲೆ ಕೂಡಿಸಿದಾಗ ನನಗೇ ನಂಬಿಕೆ ಬರಲಿಲ್ಲ, ಮತ್ತೆರಡು ಸಲ ಕೂಡಿಸಿದೆ. ಮುಂಬಯಿಯ ಯು ಮುಂಬಾ ತಂಡವೂ ತನ್ನ ಐದು ಸೋಲುಗಳಲ್ಲಿ ಹೀಗೆಯೇ ನಡೆದುಕೊಂಡಿತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ಇತ್ತ 'ಎ' ವಲಯದಲ್ಲಿ ಗುಜರಾತ್ 17 ಗೆಲವು, 3 ಸೋಲು, 2 ಸಮ, 93 ಅಂಕ. ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹದಿನೇಳು ಗೆದ್ದವರಿಗಿಂತ ಹದಿಮೂರು ಗೆದ್ದವರಿಗೆ ಕಪ್ಪು ಹೋದದ್ದು ನ್ಯಾಯವೆ? ನಮ್ಮ ತರಗತಿಯಲ್ಲಿಯೂ ಈ ವಾದ ನಡೆದದ್ದುಂಟು. ನನ್ನ ಉತ್ತರ ಹೀಗೆ: ವಲಯಗಳು ಬೇರೆ, ಬಹುಪಾಲು ಎದುರಾಳಿಗಳೂ ಬೇರೆ, ಆದುದರಿಂದ 93ನ್ನೂ 78ನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಹಾಗಿದ್ದರೂ ಅಂಕಪಟ್ಟಿಯ ಮನ್ನಣೆ ಗುಜರಾತಿಗೆ ಸಿಗದೆ ಹೋಗಲಿಲ್ಲ. ಪ್ಲೇ-ಆಫ್ ಘಟ್ಟದ ಏರ್ಪಾಡನ್ನು ನೋಡಿದರೆ ಇದು ತಿಳಿಯುತ್ತದೆ.

ಪ್ರತಿ ವಲಯದಿಂದ ಮೂರು ಮೂರು ತಂಡಗಳು ಮುಂದೆ ಬಂದುವು. ಎರಡನೆಯ, ಮೂರನೆಯ ಸ್ಥಾನದವರಿಗೆ ಒಂದು ಸೋಲೆಂದರೆ ಮನೆಯ ದಾರಿ. ವಲಯಗಳ ಅಗ್ರ ತಂಡಗಳಿಗೆ ಮಾತ್ರ ಒಂದು ಸೋಲಿನ ವಿನಾಯಿತಿ: ಅವೆರಡೂ ಮೊದಲ ಕ್ವಾಲಿಫೈಯರಿನಲ್ಲಿ ಸೆಣಸಿ, ಗೆದ್ದದ್ದು ನೇರವಾಗಿ ಫೈನಲಿಗೆ, ಸೋತದ್ದಕ್ಕೆ ಇನ್ನೊಂದು ಅವಕಾಶ. 2018ರ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಬೆಂಗಳೂರು 41–29ರಿಂದ ಗುಜರಾತನ್ನು ಸೋಲಿಸಿತು. ಗುಜರಾತ್ ಆ ಎರಡನೆಯ ಅವಕಾಶವನ್ನು ಬಳಸಿಕೊಂಡು, ಜನವರಿ 3ರಂದು ಯು.ಪಿ. ಯೋಧಾ ತಂಡವನ್ನು 38–31ರಿಂದ ಹಿಂದಿಕ್ಕಿ ಫೈನಲಿಗೆ ಬಂದಿತು. ಐದು ದಿನಗಳ ಅಂತರದಲ್ಲಿ ಎರಡು ಸಲ ಒಬ್ಬನೇ ಎದುರಾಳಿಗೆ ಸೋತವರು ಅನ್ಯಾಯವಾಯಿತೆನ್ನಲು ಆಧಾರವಿಲ್ಲ. ಗುಜರಾತಿನವರ ಬಗ್ಗೆ ಮರುಕವಂತೂ ಉಂಟಾಗುತ್ತದೆ; ಹಿಂದಿನ ಋತುವಿನ ಫೈನಲಿನಲ್ಲಿಯೂ ಅವರು ಪಟ್ನಾ ಪೈರೇಟ್ಸಿಗೆ ಸೋತಿದ್ದರು.

ಮತ್ತೆ ಆ ರಾತ್ರಿಗೆ ಬರೋಣ. ಬುಲ್ಸ್ ತಂಡವು 2015ರಲ್ಲಿ ಫೈನಲ್ ತಲುಪಿ, ಮುಂಬಯಿಯ ಇದೇ ಅಂಗಣದಲ್ಲಿ ಯು ಮುಂಬಾಗೆ 30–36ರಿಂದ ಸೋತಿತ್ತು. ಈ ಸಲವೂ ಅರ್ಧವೇಳೆಗೆ ಏಳು ಅಂಕ ಹಿಂದೆ. ದ್ವಿತೀಯಾರ್ಧದಲ್ಲಿ ಮಾತ್ರ ಚಿತ್ರವೇ ಬದಲಾಯಿತು. ಕೊನೆಯ ಸ್ಕೋರು 38–33. ಕಳೆದು ನೋಡಿದರೆ, ಆ ಇಪ್ಪತ್ತು ನಿಮಿಷಗಳಲ್ಲಿ ಬೆಂಗಳೂರು ಗಳಿಸಿದ್ದು 29, ಗುಜರಾತ್ ಗಳಿಸಿದ್ದು 17. ಇಡೀ ಪಂದ್ಯದ 38ರಲ್ಲಿ 22 ಅಂಕಗಳು ಒಬ್ಬನದೇ: ಪವನ್ ಸೆಹ್ರಾವತ್.

ಕಬಡ್ಡಿಯಲ್ಲಿ ಒಬ್ಬ ದಾಳಿಗಾರನಿಂದ ಇಷ್ಟು ಹೇಗೆ ಸಾಧ್ಯ? ಕ್ರಿಕೆಟಿನಲ್ಲಿ ಔಟಾದ ಜೊತೆಗಾರನನ್ನು ಬ್ಯಾಟುಗಾರ ಮರಳಿ ಕರೆಯಲಾರ. ಕಬಡ್ಡಿಯಲ್ಲಿ ಹಾಗಲ್ಲ, ಮುಟ್ಟಿ ಬಂದ ಪ್ರತಿಯೊಬ್ಬ ಎದುರಾಳಿಗೂ ಪ್ರತಿಯಾಗಿ ತನ್ನ ಕಡೆಯ ಒಬ್ಬನು, ಔಟಾದ ಕ್ರಮದಲ್ಲಿ, ಎದ್ದು ಒಳಬರುವನು. ಅಂಕವೂ ಬಂತು, ಆಳೂ ಬಂದ. ಎದುರಾಳಿಗೆ ಆಳು ಕಡಿಮೆಯಾದಷ್ಟೂ ಮುಂದಿನ ದಾಳಿ ಸುಲಭ. ಪವನರ ಬಲವಿದ್ದುದು ಜಿಗಿತದಲ್ಲಿ: ಸರಪಳಿ ಹಿಡಿದು ಸುತ್ತುವರಿಯಲು ಬಂದವರ ಮೇಲಿಂದ ಹಾರಿ ನಡುಗೆರೆ ಮುಟ್ಟುವುದು. ಆ ಋತುವಿನ ಮೊದಲ ಪಂದ್ಯದಲ್ಲಿಯೇ ತಮಿಳ್ ತಲೈವಾಸ್ ತಂಡವನ್ನು 48–37ರಿಂದ ಸೋಲಿಸಿದಾಗ ಅವರದು 20 ಅಂಕ. ಋತುವಿನಲ್ಲಿ ಒಟ್ಟು 24 ಪಂದ್ಯಗಳಿಂದ 271 ದಾಳಿಯ ಅಂಕಗಳು, ಎಂದರೆ ಪಂದ್ಯಕ್ಕೆ ಹನ್ನೊಂದಕ್ಕೂ ಮಿಕ್ಕು. ಆ ಸಲ ಲೀಗಿನಲ್ಲಿ ಅದಕ್ಕಿಂತ ಹೆಚ್ಚು ತಂದವರು ಇನ್ನೊಬ್ಬರಿರಲಿಲ್ಲ. ಇದರಲ್ಲೊಂದು ವಿನೋದವೂ ಉಂಟು. ಹಿಂದಿನ ವರ್ಷ, 2017ರಲ್ಲಿ, ಈ ಪವನ್ ಇದ್ದದ್ದು ಗುಜರಾತ್ ತಂಡದಲ್ಲಿಯೇ! ಅಲ್ಲಿ ಹೆಚ್ಚು ಅವಕಾಶ ದೊರೆಯದೆ ಬೆಂಗಳೂರಿಗೆ ಮರಳಿದವರು ಮರುವರ್ಷ ಅದೇ ತಂಡದ ಕೈಯಿಂದ ಕಪ್ಪನ್ನು ಕಸಿದರು.

ಈಗ ದೊಡ್ಡಪ್ಪನ ಪ್ರಶ್ನೆ. ಪವನ್ ದೆಹಲಿಯ ಬವಾನಾದವರು. ರೋಹಿತ್ ಕುಮಾರರೂ ದೆಹಲಿಯವರೇ. ತಂಡದಲ್ಲಿದ್ದ ಕಾಶಿಲಿಂಗ ಅಡಕೆ ಸಾಂಗಲಿಯ ಕಡೆಯವರು. ಇನ್ನು ತವರಿನ ಪಂದ್ಯಗಳೋ? 2017ರಲ್ಲಿ ಬೆಂಗಳೂರಿನ 'ತವರು' ನಾಗಪುರವಾಗಿತ್ತು, 2018ರಲ್ಲಿ ಪುಣೆ. ಕಪ್ಪು ಗೆದ್ದ ವರ್ಷದಲ್ಲಿ ಬೆಂಗಳೂರು ತಂಡವು ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕಂಠೀರವ ಒಳಾಂಗಣಕ್ಕೆ ಅದು ಹಿಂದಿರುಗಿದ್ದು 2019ರಲ್ಲಿ. ಮುಂದೆ 2022ರ ಹರಾಜಿನಲ್ಲಿ ಪವನರೂ ತಮಿಳ್ ತಲೈವಾಸಿನ ಪಾಲಾದರು.

ಹಾಗಾದರೆ ನಮ್ಮವರು ಎಲ್ಲಿದ್ದರು? ಬೇರೆಯವರ ತಂಡಗಳಲ್ಲಿದ್ದರು. 2017ರಲ್ಲಿ ಗುಜರಾತಿನ ನಾಯಕತ್ವ ವಹಿಸಿದವರಲ್ಲಿ ಕನ್ನಡಿಗ ಸುಕೇಶ್ ಹೆಗ್ಡೆ ಒಬ್ಬರು. 2022ರ ಫೆಬ್ರವರಿಯಲ್ಲಿ ಪಟ್ನಾ ತಂಡವನ್ನು ಫೈನಲಿಗೆ ಕೊಂಡೊಯ್ದ ನಾಯಕ ಪ್ರಶಾಂತ್ ರೈ ನಮ್ಮ ದಕ್ಷಿಣ ಕನ್ನಡದವರು; ದೆಹಲಿಯೆದುರು ಒಂದೇ ಒಂದು ಅಂಕದಿಂದ, 36–37ರಿಂದ, ಕಪ್ಪು ತಪ್ಪಿತು. ಅರ್ಜುನ ಪ್ರಶಸ್ತಿ ಪಡೆದ ಬಿ. ಸಿ. ರಮೇಶರು ತರಬೇತುದಾರರಾಗಿ 2019ರಲ್ಲಿ ಬಂಗಾಳಕ್ಕೆ, 2024ರ ಮಾರ್ಚಿನಲ್ಲಿ ಪುಣೆಗೆ ಕಪ್ಪು ಗೆದ್ದುಕೊಟ್ಟರು. ಪುಣೆಯವರು ನಮ್ಮ ತಂಡಕ್ಕೆ ಅಂಗಣವನ್ನಿತ್ತರು, ನಾವು ಅವರ ತಂಡಕ್ಕೆ ಗುರುವನ್ನಿತ್ತೆವು ಎಂದು ಬೇಕಾದರೆ ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು.

ಇದನ್ನೆಲ್ಲ ಗುಡ್ಡೆಹಾಕಿಕೊಂಡು ಹೋಗಿ ಮೊನ್ನೆ ದಸರೆಯ ರಜೆಯಲ್ಲಿ ದೊಡ್ಡಪ್ಪನ ಮುಂದೆ ಹೇಳಿದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿದರು. ಆಮೇಲೆ, "ನಾನೂ ಒಂದು ವರ್ಷ ಮುಕ್ಕುಂಪಿಯವರ ಕಡೆ ಆಡೇನಿ. ಅವರಿಗೆ ಒಬ್ಬ ಆಳು ಕಡಿಮಿ ಇದ್ದ. ನಮ್ಮೂರವರ ಮ್ಯಾಲೆನ ಆಡಿ ಗೆದ್ದೆ" ಎಂದರು. "ಊರವರು ಸಿಟ್ಟಾಗಲಿಲ್ಲವೇನು, ದೊಡ್ಡಪ್ಪ?" ಎಂದು ಕೇಳಿದೆ. "ಎಂಟು ದಿನ ಮಾತಾಡಸಲಿಲ್ಲ. ಮುಂದಿನ ವರ್ಷ ತಾವs ಬಂದು ಕರಕೊಂಡು ಹೋದರು," ಎಂದು ಹೇಳಿ ಬಾಯಿ ಮುಕ್ಕಳಿಸಲು ಹೊರಗೆ ಎದ್ದು ನಡೆದರು.