ಬೀರುವಿನ ಬೆನ್ನು

ನಮ್ಮ ತಂದೆಯವರು ಕಾಲವಾದ ಮರುವರ್ಷ ತೀರ್ಥಹಳ್ಳಿಯ ಕಡೆಯ ಹಳೆಯ ಮನೆಯಲ್ಲಿ ನಾವು ಮೂವರು ಒಡಹುಟ್ಟಿದವರು ಚರಸ್ವತ್ತಿನ ಹಂಚಿಕೆಗೆಂದು ಕುಳಿತಾಗ, ಬೆಳ್ಳಿಯ ಪಾತ್ರೆಗಳೂ ತಾಮ್ರದ ಹಂಡೆಗಳೂ ಅಜ್ಜಿಯ ಸರಗಳೂ ಒಂದೇ ಪೂರ್ವಾಹ್ನದಲ್ಲಿ, ಯಾರೊಬ್ಬರ ಸ್ವರವೂ ಏರದಂತೆ, ಮೂರು ಪಾಲುಗಳಾಗಿ ಬೇರೆಯಾದುವು. ಆದರೆ ನಡುಮನೆಯ ಈಶಾನ್ಯ ಮೂಲೆಯಲ್ಲಿ ನಿಂತಿದ್ದ ಮರದ ಬೀರುವಿನ ಎದುರಿಗೆ ಬಂದೊಡನೆ ನಮ್ಮ ಸೌಹಾರ್ದವೆಲ್ಲ ಸ್ತಬ್ಧವಾಯಿತು. ಬೆಳ್ಳಿಗೆ ತಕ್ಕಡಿಯುಂಟು, ಚಿನ್ನಕ್ಕೆ ಅಂದಂದಿನ ಧಾರಣೆಯುಂಟು, ತೋಟಕ್ಕೆ ಸರ್ವೆ ನಂಬರೂ ಗುಂಟೆಯ ಲೆಕ್ಕವೂ ಉಂಟು. ಆರೂವರೆ ಅಡಿ ಎತ್ತರದ, ಒಂದು ಬಾಗಿಲಿನಲ್ಲಿ ಆಳುದ್ದದ ಕನ್ನಡಿಯನ್ನೂ ಒಳಗೆ ಕೋಟು ತೂಗುಹಾಕುವ ಹಿತ್ತಾಳೆಯ ಸರಳನ್ನೂ ಧರಿಸಿದ್ದ ಆ ಮಹಾಕಾಯವನ್ನು ಯಾವ ಮಾನದಿಂದ ಅಳೆಯತಕ್ಕದ್ದು?

ಅದರ ವಿಷಯದಲ್ಲಿ ನಮ್ಮ ವಂಶದಲ್ಲಿ ಒಂದು ಪುರಾಣವಿದ್ದಿತು. ಮುತ್ತಜ್ಜನವರ ನಿಷ್ಠೆಗೆ ಮೆಚ್ಚಿದ ಆಂಗ್ಲ ಅಧಿಕಾರಿಯೊಬ್ಬನು ಸ್ವದೇಶಕ್ಕೆ ಹಿಂದಿರುಗುವಾಗ ಅದನ್ನು ಬಳುವಳಿಯಾಗಿ ಕೊಟ್ಟನೆಂದೂ, ಆದಕಾರಣ ಅದಕ್ಕೆ ನೂರೈವತ್ತು ವರ್ಷಗಳಿಗೆ ಕಡಮೆಯಿಲ್ಲವೆಂದೂ, ಪೇಟೆಯಲ್ಲಿ ಅದಕ್ಕೆ ಲಕ್ಷಗಟ್ಟಲೆ ಬೆಲೆಯೆಂದೂ ಅಣ್ಣ ಗಂಭೀರವಾಗಿ ನುಡಿದನು. ಆ ಲಕ್ಷವನ್ನು ತನ್ನ ಪಾಲಿನಲ್ಲಿ ಹಿಡಿದುಕೊಳ್ಳಲು ಮಾತ್ರ ಅವನು ಸಿದ್ಧನಿರಲಿಲ್ಲ. ಪಿತ್ರಾರ್ಜಿತ ವಸ್ತುವನ್ನು ತಾನು ಕೊಡುವಾಗ ಅಮೂಲ್ಯವೆಂದೂ ತಾನೇ ಕೊಳ್ಳುವಾಗ ಜೀರ್ಣವೆಂದೂ ಕಾಣುವುದು ಮನುಷ್ಯಸ್ವಭಾವ. ನಾನೂ ಅದರಿಂದ ಹೊರತಲ್ಲ.

ಈ ಬಗೆಯ ವಸ್ತುವಿನ ವಿಷಯದಲ್ಲಿ ನಾನು ಅದಕ್ಕೆ ಮೊದಲೇ ಒಮ್ಮೆ ಕೈಸುಟ್ಟುಕೊಂಡವನು. 1986ರಲ್ಲಿ, ಉಕ್ಕಿನ ಬೀರುವೆಲ್ಲವನ್ನೂ, ಅದು ಯಾವ ಕಾರ್ಖಾನೆಯದಾದರೂ ಸರಿಯೆ, ಗೋದ್ರೇಜ್ ಎಂದೇ ಕರೆಯುತ್ತಿದ್ದ ಕಾಲದಲ್ಲಿ, ಮದುವೆಯಾದ ಹೊಸತು, ಬಾಡಿಗೆಯ ಮನೆಯ ಇಕ್ಕಟ್ಟಿನಲ್ಲಿ ಸೋದರತ್ತೆ ಕೊಟ್ಟಿದ್ದ ಕಪ್ಪು ಬಣ್ಣದ ಗಿಡ್ಡ ಬೀರುವೊಂದು ನನಗೆ ಕೇವಲ ಭಾರವಾಗಿ ಕಂಡಿತು. ಗುಜರಿಯವನೊಬ್ಬನು ಬಂದು, ಅದರ ಕಾಲಿನ ಅಡಿಯನ್ನು ಚಾಕುವಿನ ಮೊನೆಯಿಂದ ಕೆರೆದು ನೋಡಿ, ಮುಖದಲ್ಲಿ ಯಾವ ಭಾವವನ್ನೂ ತೋರದೆ ಆರುನೂರು ರೂಪಾಯಿ ಎಂದನು. ನಾನು ಏಳುನೂರು ಕೇಳಿ, ಆರುನೂರ ಐವತ್ತಕ್ಕೆ ಒಪ್ಪಿ, ಜಾಣನೆಂದು ಬೀಗಿದೆನು. ಎರಡು ತಿಂಗಳ ಬಳಿಕ ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯೊಂದರ ಗಾಜಿನ ಹಿಂದೆ ಅದೇ ಬೀರು, ಅತ್ತೆಯ ಮಗ ಬಾಲ್ಯದಲ್ಲಿ ಮೊಳೆಯಿಂದ ಗೀರಿದ್ದ ಅಕ್ಷರದ ಸಮೇತ, ನಿಂತಿತ್ತು. ಬೆಲೆ ಏಳೂವರೆ ಸಾವಿರ. ಚಾಕುವಿನ ಮೊನೆಗೆ ಆ ದಿನ ಕಂಡದ್ದು ಬೀಟೆಯ ನೇರಳೆಗಪ್ಪು ಚೇಗು ಎಂಬುದು, ಸಾವಿರಾರು ರೂಪಾಯಿ ಕಳೆದುಕೊಂಡ ಮೇಲೆ ನನಗೆ ತಿಳಿಯಿತು.

ಆದ್ದರಿಂದ ಈ ಸಲ, ಮಾತು ಬಿರುಸಾಗುವ ಮುನ್ನವೇ, ನಮ್ಮ ಮನೆಯ ಮರಗೆಲಸವನ್ನೆಲ್ಲ ಮಾಡುತ್ತ ಬಂದ ವೃದ್ಧ ಆಚಾರ್ಯರನ್ನು ಕರೆಯಿಸಿದೆವು. "ಆಚಾರ್ರೇ, ಇದಕ್ಕೆ ಎಷ್ಟು ವರ್ಷವಾಗಿರಬಹುದು?" ಎಂದು ಅಣ್ಣ ಕನ್ನಡಿಯ ಮುಂದೆ ನಿಂತು ಕೇಳಿದನು. ಅವರು ಕನ್ನಡಿಯ ಕಡೆ ತಿರುಗಿಯೂ ನೋಡದೆ, "ಮುಖ ತೊಳೆದುಕೊಂಡಿರ್ತದೆ ಅಯ್ಯಾ, ಬೆನ್ನು ತೊಳೆಯೋರು ಯಾರೂ ಇಲ್ಲ, ಗೋಡೆಯಿಂದ ಆಚೆ ಸರಿಸಿ" ಎಂದರು. ನಾಲ್ವರು ಹಿಡಿದು ಸರಿಸಿದೆವು.

ಬೆನ್ನಿಗೆ ಅರ್ಧ ಅಂಗುಲ ದಪ್ಪದ ತೇಗದ ಹಲಗೆಗಳು, ಪ್ಲೈವುಡ್ ಇಲ್ಲ. ಹೊರಗಣ್ಣಿಗೆ ಬೀಳದ ಆ ಭಾಗವನ್ನು ಕೀಸುಳಿ ಹಿಡಿದು ನಯಗೊಳಿಸುವ ಗೋಜಿಗೆ ಯಾರೂ ಹೋಗಿರಲಿಲ್ಲವಾಗಿ, ಗರಗಸದ ಹಲ್ಲಿನ ಗುರುತುಗಳು ಕೊಯ್ದ ದಿನ ಇದ್ದಂತೆಯೇ ಉಳಿದಿದ್ದುವು. ಇಬ್ಬರು ಆಳುಗಳು ಮೇಲೊಬ್ಬ ಕೆಳಗೊಬ್ಬ ನಿಂತು ಕೈಯಿಂದ ಕೊಯ್ದಿದ್ದರೆ ಗೆರೆಗಳು ನೇರವಾಗಿಯೂ ಆದರೆ ಅಂತರದಲ್ಲಿ ಅಸಮವಾಗಿಯೂ ಇರತಕ್ಕದ್ದು. ಇಲ್ಲಿಯವು ಬಳೆಯ ಚೂರುಗಳಂತೆ ಬಾಗಿದ್ದುವು, ಎಂದರೆ ಚಕ್ರಗರಗಸದ ಯಂತ್ರದಲ್ಲಿ ಸೀಳಿದ ಮರ. ತಿರುಪು ಮೊಳೆಗಳೆಲ್ಲ ಒಂದೇ ಸೀಳಿನ ತಲೆಯವು, ತುದಿ ಚೂಪಾದವು. ಯಂತ್ರದಿಂದ ಇಂಥ ಚೂಪು ತುದಿಯನ್ನು ಮಾಡುವುದು ಹತ್ತೊಂಬತ್ತನೆಯ ಶತಮಾನದ ನಡುವಿನಿಂದೀಚೆಗೆ ರೂಢಿಗೆ ಬಂದದ್ದು, ಅದಕ್ಕೆ ಹಿಂದಿನವು ಮೊಂಡು. ಒಂದು ಕೀಲಿನಲ್ಲಿ ಮಾತ್ರ ಅಡ್ಡಕತ್ತರಿ ಗುರುತಿನ ಫಿಲಿಪ್ಸ್ ತಿರುಪು ಇತ್ತು. ಆ ಬಗೆಯ ತಿರುಪು 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು; ಅದನ್ನು ಕಂಡು ನಾನು ಏನನ್ನೋ ಸಾಧಿಸಿದವನಂತೆ ಕೂಗಿದಾಗ, ಆಚಾರ್ಯರು ಆ ಕೀಲಿನ ಪಕ್ಕದಲ್ಲಿ ತುಂಬಿದ್ದ ಹಳೆಯ ರಂಧ್ರವೊಂದನ್ನು ತೋರಿಸಿ, ಅದು ಈಚಿನ ದುರಸ್ತಿಯೆಂದು ನನ್ನ ಉತ್ಸಾಹವನ್ನು ತಣಿಸಿದರು. ಒಂದು ಬಿಡಿಭಾಗವು ವಸ್ತುವಿನ ವಯಸ್ಸನ್ನು ಹೇಳಬೇಕಾದರೆ, ಅದು ವಸ್ತುವಿನೊಂದಿಗೇ ಹುಟ್ಟಿದ್ದೆಂಬುದು ಮೊದಲು ಸಿದ್ಧವಾಗಬೇಕು.

ಡ್ರಾಯರುಗಳ ಮೂಲೆಗಳಲ್ಲಿ ಹಕ್ಕಿಯ ಬಾಲದಂತೆ ತುದಿಗೆ ಅಗಲವಾಗುವ ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿದ ಕೂಡು. ಹಲ್ಲುಗಳ ಅಳತೆ ಒಂದರಂತೆ ಒಂದಿಲ್ಲ, ಉಳಿಯ ಗುರಿಗೆಂದು ಗೀರಿದ ಗೆರೆ ಇನ್ನೂ ಕಾಣುತ್ತದೆ, ಎಂದರೆ ಕೈಗೆಲಸ. ಕಡಸಲು ಹಿಡಿದ ಗುಂಡು ಹಿಡಿಕೆಗಳನ್ನು ಅಳೆದರೆ, ಎಳೆಯ ಉದ್ದಕ್ಕೆ ಒಂದು ಅಳತೆ, ಎಳೆಗೆ ಅಡ್ಡಲಾಗಿ ಕೂದಲೆಳೆಯಷ್ಟು ಕಡಮೆ. ಮರವು ಒಣಗುತ್ತ ಹೋದಂತೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಅಲ್ಪ. ಹೊಸ ಮರಕ್ಕೆ ಚಹದ ಕಷಾಯ ಬಳಿದು ಹಳತೆಂದು ಮಾರುವವರು ಇದೊಂದನ್ನು ಅನುಕರಿಸುವುದು ಕಷ್ಟ. ಕೂಡಿನೊಳಗಿನ ಅಂಟಿಗೆ ಬಿಸಿನೀರು ತಾಗಿಸಿದಾಗ ಅದು ಕಂದುಬಣ್ಣದ ಪಾಕವಾಗಿ ಕರಗಿತು: ಚರ್ಮ ಮೂಳೆಗಳನ್ನು ಕುದಿಸಿ ತೆಗೆಯುತ್ತಿದ್ದ ಹಳೆಯ ಮರವಜ್ರ. ಫೆವಿಕಾಲ್ ಪೇಟೆಗೆ ಬಂದದ್ದು 1959ರಲ್ಲಿ. ಹಳ್ಳಿಯ ಬಡಗಿಗಳ ಅಂಟಿನ ಗಡಿಗೆ ಅದರ ಮಾರನೆಯ ದಿನವೇ ಒಲೆಯಿಂದ ಇಳಿಯಿತೆಂದು ಹೇಳಲಾಗದಾದರೂ, ಸೂಚನೆಯ ದಿಕ್ಕು ಸ್ಪಷ್ಟ. ಬೀಗದ ಮೇಲೆ 'ಮೇಡ್ ಇನ್ ಇಂಗ್ಲೆಂಡ್' ಎಂಬ ಮುದ್ರೆ. ಸರಕಿನ ಮೇಲೆ ಅದು ಹುಟ್ಟಿದ ದೇಶದ ಹೆಸರನ್ನು ಒತ್ತಬೇಕೆಂದು ಅಮೆರಿಕವು ತನ್ನ ಸುಂಕದ ಶಾಸನದಲ್ಲಿ ವಿಧಿಸಿದ್ದು 1890ರಲ್ಲಿ. ಇಂಥ ಮುದ್ರೆಗಳು ಸಾಮಾನ್ಯವಾದದ್ದು ಅಲ್ಲಿಂದೀಚೆಗೆ. ಮುತ್ತಜ್ಜನ ದೊರೆ ಅಲ್ಲಿಗೆ ನಮ್ಮ ಮನೆಯಿಂದ ಸದ್ದಿಲ್ಲದೆ ಹೊರಟನು.

ಇನ್ನುಳಿದದ್ದು ಆಕೃತಿಯ ಸಾಕ್ಷ್ಯ. ಬೀರುವಿನ ಮೇಲಂಚು ಮೆಟ್ಟಿಲು ಮೆಟ್ಟಿಲಾಗಿ ಏರುವ ಪಟ್ಟಿಗಳಿಂದಲೂ, ಎರಡು ಪಾರ್ಶ್ವಗಳು ದುಂಡಾಗಿ ತಿರುಗಿದ ಅಂಚುಗಳಿಂದಲೂ ಕೂಡಿದ್ದುವು. ಮುಂಬಯಿಯಲ್ಲಿ 1933ರ ರೀಗಲ್ ಚಿತ್ರಮಂದಿರವನ್ನೋ 1938ರ ಈರಾಸ್ ಚಿತ್ರಮಂದಿರವನ್ನೋ ನೋಡಿದವರಿಗೆ ಆ ರೇಖೆಗಳ ಪರಿಚಯವಿರುತ್ತದೆ. ಆರ್ಟ್ ಡೆಕೊ ಎಂಬ ಆ ಶೈಲಿ ಕಟ್ಟಡದಿಂದ ಕುರ್ಚಿ, ಮೇಜು, ಬೀರುಗಳಿಗೆ ಇಳಿದು, ಪಟ್ಟಣದಿಂದ ಊರೂರಿನ ಬಡಗಿಯ ಕೈಗೂ ದಾಟಿತು. ಕೊನೆಗೆ, ಕೆಳಖಾನೆಯ ತಳಕ್ಕೆ ಗಂಜಿಯಿಂದ ಅಂಟಿಸಿದ್ದ, ಜಿರಲೆ ತಿಂದುಳಿದ ಪ್ರಜಾವಾಣಿಯ ಹಾಳೆಯೊಂದರಲ್ಲಿ 1953ನೆಯ ಇಸವಿ ಓದಲು ಸಿಕ್ಕಿತು. ಹಳೆಯ ಪತ್ರಿಕೆಯನ್ನು ದಶಕಗಟ್ಟಲೆ ಕೂಡಿಟ್ಟು ಆಮೇಲೆ ಅಂಟಿಸುವ ಮನೆ ನಮ್ಮದಲ್ಲ. ಅಷ್ಟರಲ್ಲಿ ಬೀರು ಬಳಕೆಯಲ್ಲಿತ್ತು. ಒಟ್ಟಿನಲ್ಲಿ 1935ರಿಂದ 1950ರೊಳಗಣ ವಸ್ತುವೆಂದು ನಾವು ನಿಶ್ಚಯಿಸಿದೆವು. ನೂರೈವತ್ತರಲ್ಲಿ ಅರ್ಧದಷ್ಟು ವರ್ಷಗಳು ಒಂದು ಮಧ್ಯಾಹ್ನದಲ್ಲಿ ಉದುರಿಹೋದುವು.

ಹಾಗೆ ಉದುರಿದ್ದರಿಂದ ನಷ್ಟವಾಯಿತೇ? ಅಣ್ಣನ ಮುಖ ಹಾಗೆ ಹೇಳುತ್ತಿತ್ತು. ಆದರೆ ಪೇಟೆಯಲ್ಲಿ ವಯಸ್ಸಿಗೆ ಪ್ರತ್ಯೇಕವಾದ ಧಾರಣೆಯಿಲ್ಲ. ಕೊಳ್ಳುವವನು ಯಾರೆಂಬುದರ ಮೇಲೆ ಒಂದೇ ಬೀರುವಿಗೆ ಅನೇಕ ಬೆಲೆಗಳಿರುತ್ತವೆ, ಅವುಗಳಲ್ಲಿ ನಮಗೆ ಸಿಕ್ಕುವ ಬೆಲೆ ಯಾವುದೆಂಬುದೇ ವಿಚಾರಣೀಯ. ಮರದ ಲೆಕ್ಕವನ್ನು ಮೊದಲು ನಾನೇ ಹಾಕಿದೆನು. ಎತ್ತರ ಆರೂವರೆ ಅಡಿ, ಅಗಲ ನಾಲ್ಕು, ಆಳ ಒಂದೂಮುಕ್ಕಾಲು: ಅಂಗುಲ ದಪ್ಪದ ಎರಡು ಪಕ್ಕಗಳಿಗೆ ಹೆಚ್ಚುಕಡಮೆ ಎರಡು ಘನ ಅಡಿ, ಮುಂಭಾಗಕ್ಕೆ ಎರಡಕ್ಕೆ ತುಸು ಹೆಚ್ಚು, ಬೆನ್ನಿಗೆ ಒಂದು, ಅಡ್ಡಹಲಗೆಗಳಿಗೆ ಎರಡು, ಕಾಲು ಚೌಕಟ್ಟುಗಳಿಗೆ ಒಂದು, ಹೀಗೆ ಎಂಟು ಘನ ಅಡಿ ತೇಗ. ನಮ್ಮ ಕಡೆಯ ಟಿಂಬರ್ ಡಿಪೋದಲ್ಲಿ ಆ ವರ್ಷ ನನಗೆ ಹೇಳಿದ ದರ ಘನ ಅಡಿಗೆ ಮೂರೂವರೆ ಸಾವಿರ. ಎಂದರೆ ಇಪ್ಪತ್ತೆಂಟು ಸಾವಿರ. ಈ ಅಂಕಿಯನ್ನು ಕಂಡು ಹಿಗ್ಗಿದ್ದು ನನ್ನ ತಪ್ಪು. ಕೀಲಿನ ಗುಳಿ, ಮೊಳೆಯ ತೂತು, ಅಂಗುಲಕ್ಕೆ ಇಳಿದುಹೋದ ದಪ್ಪ, ಇವೆಲ್ಲದರಿಂದ ಬೀರುವಿನ ಮರ ಬೀರುವಿಗಲ್ಲದೆ ಬೇರೆ ಕೆಲಸಕ್ಕೆ ಅರ್ಧವೂ ಒದಗದು. ಶಿವಮೊಗ್ಗದ ಗುಜರಿ ವ್ಯಾಪಾರಿ ಬಾಯಿಬಿಟ್ಟು ಹೇಳಿದ ಬೆಲೆ ಒಂಬತ್ತು ಸಾವಿರ, ಅದೂ ಕನ್ನಡಿ ಬೆಲ್ಜಿಯಂನದೆಂದು ಅಣ್ಣ ಮೂರು ಸಲ ಒತ್ತಿಹೇಳಿದ ಮೇಲೆ.

ಇದೇ ಬೀರುವನ್ನು ಹೊಸದಾಗಿ ಮಾಡಿಸಬೇಕಾದರೆ? ಆಚಾರ್ಯರ ಅಂದಾಜಿನಂತೆ ಕೊಯ್ತದಲ್ಲಿ ಹೋಗುವ ಮರವೂ ಸೇರಿ ಹನ್ನೊಂದು ಘನ ಅಡಿಗೆ ಮೂವತ್ತೆಂಟೂವರೆ ಸಾವಿರ, ಕೂಲಿ ಮೂವತ್ತು ಸಾವಿರ, ಕೀಲು ಬೀಗ ಹೊಳಪುಗಳಿಗೆ ಎಂಟು ಸಾವಿರ, ಒಟ್ಟು ಎಪ್ಪತ್ತಾರೂವರೆ ಸಾವಿರ. ಬೆಂಗಳೂರಿನ ಹಳೆಯ ಪೀಠೋಪಕರಣದ ಅಂಗಡಿಯೊಂದರಲ್ಲಿ ಇದರ ತಮ್ಮನಂತಿದ್ದ ಬೀರುವಿಗೆ ಒಂದು ಲಕ್ಷ ಹತ್ತು ಸಾವಿರವೆಂದು ಚೀಟಿ ತೂಗುಬಿಟ್ಟಿದ್ದರು. ಆ ಚೀಟಿಯ ಛಾಯಾಚಿತ್ರವನ್ನು ಅಣ್ಣನಿಗೆ ಕಳಿಸುವ ಮುನ್ನ, ಇಂಥದನ್ನೇ ನಾವು ತಂದರೆ ಎಷ್ಟಕ್ಕೆ ಕೊಳ್ಳುವಿರೆಂದು ಮಾಲೀಕರನ್ನು ಕೇಳಿದೆನು. ಮೂವತ್ತು ಸಾವಿರ, ಸಾಗಣೆ ನಿಮ್ಮದು ಎಂದರು. ಇದರಲ್ಲಿ ವಂಚನೆಯೇನೂ ಇಲ್ಲ. ಮೂರು ವರ್ಷ ಅಂಗಡಿಯ ಬಾಡಿಗೆ ತೆತ್ತು ಗಿರಾಕಿಗಾಗಿ ಕಾಯುವವರು ಅವರು. ಅಲ್ಲದೆ ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಗೇ ಕಪಾಟು ಕಟ್ಟಿರುತ್ತದೆ, ಲಿಫ್ಟಿನೊಳಗೆ ಇಂಥದು ಹಿಡಿಸುವುದಿಲ್ಲ. ಚೀಟಿಯ ಬೆಲೆಯನ್ನೇ ತಮ್ಮ ಆಸ್ತಿಯ ಬೆಲೆಯೆಂದು ಎಣಿಸುವವರು ಈ ಅಂತರವನ್ನು ಗಮನದಲ್ಲಿಡುವುದು ಲೇಸು.

ಬೀರುವಿಗೆ ಹೊಸ ಮೆರುಗು ಕೊಡಿಸಿ ಮಾರೋಣವೆಂದು ಅಣ್ಣ ಸೂಚಿಸಿದಾಗ ಆಚಾರ್ಯರು ಹೌಹಾರಿದರು. ಒಳಬಾಗಿಲಿನ ಮರೆಯಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಉಜ್ಜಿದಾಗ ಹೊಳಪು ಅಂಟಂಟಾಗಿ ಕರಗಿತು: ಅರಗಿನಿಂದ ಕೈಯಾರೆ ಎಳೆದ ಹಳೆಯ ಪಾಲಿಷ್. ಅದನ್ನು ಉಪ್ಪುಕಾಗದದಿಂದ ಕೆರೆದು ಯಂತ್ರದ ವಾರ್ನಿಷ್ ಹೊಡೆಸಿದರೆ, ನಾವು ಹಣ ಕೊಟ್ಟು ಬೆಲೆಯನ್ನು ಇಳಿಸಿಕೊಂಡಂತೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ತುಂಬಿದ ಕಲಾ ಕುಶಲವಸ್ತುಗಳು ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತವೆ, ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನಮ್ಮ ಪುರಾಣ ನಿಜವಾಗಿದ್ದಿದ್ದರೆ ಅಮೆರಿಕದಲ್ಲಿರುವ ತಂಗಿಯ ಮಗನಿಗೆ ಬೀರು ಕೊಡುವ ಯೋಚನೆ ಅಲ್ಲಿಗೇ ನಿಲ್ಲುತ್ತಿತ್ತು. ಬೀಟೆಯದಾದರೆ ಇನ್ನೊಂದು ತೊಡಕು: 2017ರ ಜನವರಿಯಿಂದ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೊಳಪಟ್ಟಿದೆ. ಇನ್ನು ಆದಾಯ ತೆರಿಗೆ: ಸ್ವಂತ ಬಳಕೆಯ ಪೀಠೋಪಕರಣವನ್ನು ಅದರ ಕಾಯ್ದೆ ಬಂಡವಾಳ ಆಸ್ತಿಯೆಂದು ಗಣಿಸಿಲ್ಲ, ಆದ್ದರಿಂದ ಮಾರಿದ ಲಾಭಕ್ಕೆ ತೆರಿಗೆಯ ಮಾತಿಲ್ಲ, ಆಭರಣಕ್ಕೂ ಚಿತ್ರ, ಶಿಲ್ಪ ಮೊದಲಾದ ಕಲಾಕೃತಿಗಳಿಗೂ ಈ ವಿನಾಯಿತಿ ಅನ್ವಯಿಸದು.

ಒಂಬತ್ತು ಸಾವಿರಕ್ಕೂ ಎಪ್ಪತ್ತಾರೂವರೆಗೂ ನಡುವೆ ನಮ್ಮ ಬೆಲೆ ಎಲ್ಲಿಯೋ ಇತ್ತು. ಅದನ್ನು ಕಂಡುಹಿಡಿಯುವುದಕ್ಕೆ ತಂಗಿಯೇ ಉಪಾಯ ಹೇಳಿದಳು. ತಾನು ಬೀರುವನ್ನು ಎಷ್ಟು ಬೆಲೆಗೆ ಒಯ್ಯಲು ಸಿದ್ಧನೆಂಬುದನ್ನು ಪ್ರತಿಯೊಬ್ಬರೂ ಗುಟ್ಟಾಗಿ ಚೀಟಿಯಲ್ಲಿ ಬರೆಯುವುದು, ಹೆಚ್ಚು ಬರೆದವರು ಒಯ್ದು ಉಳಿದಿಬ್ಬರಿಗೆ ಮೂರನೆಯ ಒಂದೊಂದು ಪಾಲನ್ನು ತೆರುವುದು. ದೇವರ ಮುಂದಿನ ತಟ್ಟೆಯಲ್ಲಿ ಚೀಟಿಗಳನ್ನು ಬಿಚ್ಚಿದೆವು. ಲಕ್ಷದ ಮಾತಾಡಿದ್ದ ಅಣ್ಣ ಬರೆದದ್ದು ಹದಿನೈದು ಸಾವಿರ; ನಾನು, ಅಂಗಡಿಯವರ ಮಾತನ್ನು ಕಿವಿಯಲ್ಲಿಟ್ಟುಕೊಂಡು, ಮೂವತ್ತೆರಡು; ತಂಗಿ ನಲವತ್ತೈದು. ಅವಳು ಅಲ್ಲಿಯೇ ನಮ್ಮಿಬ್ಬರಿಗೂ ಹದಿನೈದು ಹದಿನೈದು ಸಾವಿರದ ಚೆಕ್ ಬರೆದಳು. ಬೀರುವಿನ ಕಿರೀಟಪಟ್ಟಿಯನ್ನೂ ಬಾಗಿಲುಗಳನ್ನೂ ಆಚಾರ್ಯರು ಬಿಚ್ಚಿ ಹಳೆಯ ಜಮಖಾನಗಳಲ್ಲಿ ಸುತ್ತಿ ಲಾರಿಗೆ ಏರಿಸಿದರು. ಸಾಗಣೆ ಮತ್ತು ಜೋಡಣೆಗೆ ಅವಳಿಗೆ ತಗಲಿದ್ದು ಆರು ಸಾವಿರದ ಇನ್ನೂರು ರೂಪಾಯಿ. ಪ್ರಜಾವಾಣಿಯ ಹಾಳೆಯನ್ನು ಕೀಳಬಾರದೆಂದು ಮಾತ್ರ ನಾನು ಅವಳಲ್ಲಿ ಕೇಳಿಕೊಂಡೆನು. ಈಗಲೂ ಅದು ಕೆಳಖಾನೆಯಲ್ಲಿದೆ.