ಚಕ್ರಗಳಿಗೆ ಬಲದ ಹಂಚಿಕೆ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಪಿಲೆ, ಕಾವೇರಿಯರ ನೀರುಂಡು ಬೆಳೆದ ಸೀಮೆ. ಈ ಸೀಮೆಯಲ್ಲಿ ಒಂದು ದಿನ ಸಂಚರಿಸಿದವನಿಗೆ ಹಲವು ಬಗೆಯ ನೆಲ ಕಾಣಸಿಗುತ್ತದೆ. ಊರಿನಿಂದ ಊರಿಗೆ ಹೋಗುವ ಡಾಂಬರು ರಸ್ತೆ ಗಟ್ಟಿಯಾದುದು. ರಸ್ತೆಯನ್ನು ಬಿಟ್ಟು ನಾಲೆಯ ಏರಿಯನ್ನು ಹಿಡಿದರೆ ಮಳೆಗಾಲದಲ್ಲಿ ಜಾರುವ ಮಣ್ಣು. ಅಲ್ಲಿಂದ ಕೆಳಗಿಳಿದರೆ ಭತ್ತದ ಗದ್ದೆಯ ಕೆಸರು. ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋದರೆ ದೇವಾಲಯಗಳನ್ನೇ ಹೂಳಿದ ಮರಳಿನ ದಿಬ್ಬಗಳು. ಈ ಎಲ್ಲ ನೆಲಗಳಲ್ಲಿಯೂ ಒಂದೇ ವಾಹನವು ಒಂದೇ ರೀತಿಯಲ್ಲಿ ನಡೆಯಲಾರದು. ಡಾಂಬರಿನ ಮೇಲೆ ಸಲೀಸಾಗಿ ಓಡಿದ ಕಾರು ಗದ್ದೆಯ ಬದಿಯಲ್ಲಿ ಹೂತುಕೊಳ್ಳುತ್ತದೆ. ಅದರ ಚಕ್ರ ಗಿರ್ರನೆ ತಿರುಗುತ್ತಿದ್ದರೂ ಕಾರು ಅಂಗುಲದಷ್ಟೂ ಮುಂದೆ ಸರಿಯುವುದಿಲ್ಲ. ಅದೇ ಹಾದಿಯಲ್ಲಿ ಹಳೆಯ ಜೀಪೊಂದು ನಿಧಾನವಾಗಿ ದಾಟಿಹೋಗುತ್ತದೆ. ಹಾಗಾದರೆ ಕಾರಿನ ಎಂಜಿನಿಗೆ ಶಕ್ತಿ ಸಾಲದೆ? ಹಾಗಲ್ಲ. ಶಕ್ತಿ ಸಾಕಷ್ಟಿದೆ, ಆದರೆ ಅದು ತಕ್ಕ ಚಕ್ರಕ್ಕೆ ತಲುಪಲಿಲ್ಲ. ಎಂಜಿನಿನ ಬಲ ಚಕ್ರಗಳಿಗೆ ಹಂಚಿಕೆಯಾಗುವುದು ಹೇಗೆ, ಆ ಹಂಚಿಕೆಯಲ್ಲಿ ಇರುವ ತೊಡಕೇನು, ಮನುಷ್ಯನು ಅದನ್ನು ಹೇಗೆ ಬಿಡಿಸಿದನು ಎಂಬುದನ್ನು ಇಲ್ಲಿ ತಿಳಿಯೋಣ.

ಮೊದಲು ನಮಗೆ ಪರಿಚಿತವಾದ ಎತ್ತಿನ ಗಾಡಿಯನ್ನು ನೋಡೋಣ. ಗಾಡಿಯ ಎರಡು ಚಕ್ರಗಳೂ ಒಂದೇ ಅಚ್ಚಿನ ಎರಡು ತುದಿಗಳಲ್ಲಿರುತ್ತವೆ. ಅವು ಕಳಚಿ ಬೀಳದಂತೆ ಕಡಾಣಿ ತಡೆದಿರುತ್ತದೆ. ಅಚ್ಚು ತಿರುಗುವುದಿಲ್ಲ, ಚಕ್ರಗಳು ಮಾತ್ರ ಅದರ ಮೇಲೆ ತಮ್ಮಷ್ಟಕ್ಕೆ ತಾವೇ ಉರುಳುತ್ತವೆ. ಗಾಡಿಯನ್ನು ಮುಂದಕ್ಕೆ ಒಯ್ಯುವುದು ಚಕ್ರವಲ್ಲ, ಎತ್ತು. ಎತ್ತು ಗೊರಸನ್ನು ಊರಿ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲವು ಅಷ್ಟೇ ಬಲದಿಂದ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಬೀದಿಯಲ್ಲಿ ಸಾಗುವುದೂ ಹೀಗೆಯೇ. ಶ್ರೀಕಂಠೇಶ್ವರನ ಮಹಾರಥದ ಚಕ್ರಗಳು ಎಷ್ಟೇ ದೊಡ್ಡವಾದರೂ ಅವು ಉರುಳುತ್ತವೆಯೇ ಹೊರತು ರಥವನ್ನು ತಳ್ಳುವುದಿಲ್ಲ. ರಥವನ್ನು ನಡೆಸುವುದು ಹಗ್ಗ ಹಿಡಿದ ಭಕ್ತರ ಕಾಲುಗಳು. ನೆಲದಲ್ಲಿ ಕಾಲು ನಿಲ್ಲದಿದ್ದರೆ ತೋಳಿನ ಬಲವೆಲ್ಲ ವ್ಯರ್ಥ.

ಮೋಟಾರು ವಾಹನದ ರೀತಿ ಬೇರೆ. ಅದನ್ನು ಮುಂದೆ ನಿಂತು ಎಳೆಯುವವರು ಯಾರೂ ಇಲ್ಲ. ಎಂಜಿನು ಚಕ್ರವನ್ನು ತಿರುಗಿಸುತ್ತದೆ, ಚಕ್ರವೇ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ಅಂದರೆ ಇಲ್ಲಿ ಚಕ್ರವು ಗಾಡಿಯ ಚಕ್ರವೂ ಹೌದು, ಎತ್ತಿನ ಗೊರಸೂ ಹೌದು. ಚಕ್ರಕ್ಕೂ ನೆಲಕ್ಕೂ ನಡುವೆ ಇರುವ ಘರ್ಷಣೆಯನ್ನು ನಾವು ಹಿಡಿತ ಎನ್ನುತ್ತೇವೆ. ಹಿಡಿತ ಎಷ್ಟಿದೆಯೋ ಅಷ್ಟು ಬಲವನ್ನು ಮಾತ್ರ ಚಕ್ರವು ನೆಲಕ್ಕೆ ಕೊಡಬಲ್ಲುದು. ಅದಕ್ಕಿಂತ ಹೆಚ್ಚಾಗಿ ಕೊಡಹೋದರೆ ಚಕ್ರ ಜಾರಿ ಬರಿದೇ ಸುತ್ತುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಎಡ ಬಲ ಚಕ್ರಗಳೆರಡನ್ನೂ ಒಂದೇ ದಂಡಕ್ಕೆ ಬಿಗಿದು, ಆ ದಂಡವನ್ನು ಎಂಜಿನಿನಿಂದ ತಿರುಗಿಸಿದರೆ ಆಗದೆ ಎಂದು ನೀವು ಕೇಳಬಹುದು. ನೇರವಾದ ರಸ್ತೆಯಲ್ಲಿ ಅದು ನಡೆದೀತು. ತಿರುವಿನಲ್ಲಿ ತೊಡಕು ಬರುತ್ತದೆ. ಎರಡು ಚಕ್ರಗಳ ನಡುವಣ ಅಂತರ 1.4 ಮೀಟರು ಎಂದಿಟ್ಟುಕೊಳ್ಳಿ. ಬೀದಿಯ ಮೂಲೆಯಲ್ಲಿ ಕಾರು ಕಾಲು ವೃತ್ತದಷ್ಟು ತಿರುಗುವಾಗ ಒಳಗಿನ ಚಕ್ರ 5 ಮೀಟರು ತ್ರಿಜ್ಯದ ವೃತ್ತದಲ್ಲಿಯೂ ಹೊರಗಿನ ಚಕ್ರ 6.4 ಮೀಟರು ತ್ರಿಜ್ಯದ ವೃತ್ತದಲ್ಲಿಯೂ ಸಾಗುತ್ತವೆ. ಲೆಕ್ಕ ಮಾಡಿ ನೋಡಿದರೆ ಒಳಗಿನ ಚಕ್ರ ಕ್ರಮಿಸುವ ದೂರ ಸುಮಾರು 7.9 ಮೀಟರು, ಹೊರಗಿನದು ಸುಮಾರು 10 ಮೀಟರು. ಚಕ್ರದ ಸುತ್ತಳತೆ 2 ಮೀಟರಾದರೆ ಒಳಚಕ್ರ ಸುಮಾರು ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಹೊರಚಕ್ರ ಐದು ಸುತ್ತು ಸುತ್ತಬೇಕು. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ಇದು ಸಾಧ್ಯವಿಲ್ಲ. ಒಂದು ಚಕ್ರ ನೆಲವನ್ನು ಉಜ್ಜಲೇಬೇಕು. ಟಯರು ಸವೆಯಬೇಕು, ಇಲ್ಲವೆ ದಂಡ ತಿರುಚಬೇಕು. ಗಾಡಿಯ ಚಕ್ರಗಳು ಬಿಡಿಬಿಡಿಯಾಗಿ ಉರುಳುವುದರಿಂದ ಅದಕ್ಕೆ ಈ ಕಷ್ಟವಿಲ್ಲ.

ಈ ತೊಡಕನ್ನು ಬಿಡಿಸುವ ಸಾಧನವೇ ಡಿಫರೆನ್ಷಿಯಲ್. ಫ್ರಾನ್ಸ್ ದೇಶದ ಒನೆಸಿಫೋರ್ ಪೆಕ್ಯೂರ್ ಎಂಬವನು 1820ರ ದಶಕದ ಕೊನೆಯಲ್ಲಿ ಉಗಿಯಿಂದ ಓಡುವ ಬಂಡಿಗಾಗಿ ಇದನ್ನು ರೂಪಿಸಿದನು. ಬಸ್ಸು ಅಥವಾ ಲಾರಿಯ ಹಿಂದಿನ ಅಚ್ಚಿನ ನಡುವೆ ದುಂಡಗೆ ಉಬ್ಬಿದ ಒಂದು ಭಾಗವನ್ನು ನೀವು ನೋಡಿರಬಹುದು. ಅದರೊಳಗೆ ಈ ಯಂತ್ರವಿರುತ್ತದೆ. ಎಂಜಿನಿನಿಂದ ಬಂದ ಉದ್ದನೆಯ ದಂಡವು ಅಲ್ಲಿ ಒಂದು ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಆ ಹಲ್ಲುಚಕ್ರಕ್ಕೆ ಒಂದು ಗೂಡನ್ನು ಜೋಡಿಸಿರುತ್ತಾರೆ. ಗೂಡಿನೊಳಗೆ ಚಿಕ್ಕ ಹಲ್ಲುಚಕ್ರಗಳಿದ್ದು, ಅವು ಎಡಚಕ್ರದ ದಂಡದ ಹಲ್ಲಿಗೂ ಬಲಚಕ್ರದ ದಂಡದ ಹಲ್ಲಿಗೂ ಕಚ್ಚಿಕೊಂಡಿರುತ್ತವೆ. ನೇರವಾಗಿ ಓಡುವಾಗ ಚಿಕ್ಕ ಹಲ್ಲುಚಕ್ರಗಳು ಅಲುಗದೆ, ಗೂಡೆಲ್ಲವೂ ಒಂದಾಗಿ ಸುತ್ತುತ್ತದೆ. ತಿರುವಿನಲ್ಲಿ ಅವು ತಮ್ಮ ಸುತ್ತ ತಾವೂ ತಿರುಗತೊಡಗಿ, ಒಂದು ಕಡೆ ಕಡಮೆಯಾದ ಸುತ್ತನ್ನು ಇನ್ನೊಂದು ಕಡೆಗೆ ಸೇರಿಸುತ್ತವೆ. ಗೂಡು ನಿಮಿಷಕ್ಕೆ 100 ಸುತ್ತು ತಿರುಗುತ್ತಿರುವಾಗ ಒಳಚಕ್ರ 90 ಸುತ್ತಿಗೆ ಇಳಿದರೆ ಹೊರಚಕ್ರ 110ಕ್ಕೆ ಏರುತ್ತದೆ.

ಡಿಫರೆನ್ಷಿಯಲ್ ಸುತ್ತುಗಳನ್ನು ಹೀಗೆ ಬೇರೆ ಬೇರೆಯಾಗಿ ಹಂಚಿದರೂ ತಿರುಗಿಸುವ ಬಲವನ್ನು ಎರಡು ಚಕ್ರಗಳಿಗೂ ಸಮನಾಗಿಯೇ ಹಂಚುತ್ತದೆ. ಇದಕ್ಕೆ ಎತ್ತಿನ ನೊಗಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ನೊಗದ ನಡುವನ್ನು ಮೂಕಿಗೆ ಕಟ್ಟಿರುತ್ತಾರೆ. ಎರಡು ತುದಿಗಳಿಗೆ ಎರಡು ಎತ್ತುಗಳು ಹೆಗಲು ಕೊಡುತ್ತವೆ. ಒಂದು ಎತ್ತು ತುಸು ಮುಂದಾದರೆ ನೊಗ ಓರೆಯಾಗಿ ಹೊಂದಿಕೊಳ್ಳುತ್ತದೆ. ಆದರೆ ಎರಡೂ ಎತ್ತುಗಳು ಸಮನಾಗಿ ಎಳೆದಾಗ ಮಾತ್ರ ನೊಗ ನೆಟ್ಟಗೆ ನಿಲ್ಲುತ್ತದೆ. ಒಂದು ಎತ್ತು ಕೈಬಿಟ್ಟಿತೆನ್ನಿ. ಇನ್ನೊಂದು ಎಷ್ಟೇ ಬಲಶಾಲಿಯಾಗಿರಲಿ, ಅದು ಎಳೆದಂತೆಲ್ಲ ನೊಗ ಓರೆಯಾಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಸೋತ ಎತ್ತಿನ ಅಳತೆಯೇ ಗೆದ್ದ ಎತ್ತಿನ ಅಳತೆಯೂ ಆಗುತ್ತದೆ.

ಕೆಸರಿನಲ್ಲಿ ಸಿಕ್ಕಿದ ಕಾರಿನ ಕಥೆಯೂ ಇದೇ. ಅದರ ಎಡಚಕ್ರ ಕೆಸರಿನಲ್ಲಿದೆ. ಬಲಚಕ್ರ ಗಟ್ಟಿ ನೆಲದ ಮೇಲಿದೆ. ಕೆಸರಿನ ಹಿಡಿತ 10 ಪಾಲು, ಗಟ್ಟಿ ನೆಲದ ಹಿಡಿತ 60 ಪಾಲು ಎಂದಿಟ್ಟುಕೊಳ್ಳೋಣ. ಎಡಚಕ್ರವು 10 ಪಾಲಿಗಿಂತ ಹೆಚ್ಚು ಬಲವನ್ನು ತಾಳದೆ ಜಾರುತ್ತದೆ. ಹಂಚಿಕೆ ಸಮಪಾಲಾದುದರಿಂದ ಬಲಚಕ್ರಕ್ಕೂ ದೊರೆಯುವುದು 10 ಪಾಲು ಮಾತ್ರ. ನೆಲದಲ್ಲಿ ಒಟ್ಟು 70 ಪಾಲು ಹಿಡಿತವಿದ್ದರೂ ಕಾರಿಗೆ ಒದಗುವುದು 20. ಬಲಚಕ್ರ ಕದಲದೆ ನಿಂತಿರುತ್ತದೆ; ಎಡಚಕ್ರ ಇಮ್ಮಡಿ ವೇಗದಲ್ಲಿ ಸುತ್ತುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಆಗ ಎಂಜಿನನ್ನು ಇನ್ನಷ್ಟು ರಭಸದಿಂದ ಓಡಿಸುವುದು ಅವಿವೇಕ. ಚಕ್ರದ ಮುಂದೆ ಹುಲ್ಲು, ಗೋಣಿಚೀಲ, ಕಲ್ಲು ಹಾಕಿ ಹಿಡಿತವನ್ನು ಹೆಚ್ಚಿಸುವ ಹಳ್ಳಿಗರ ಉಪಾಯವೇ ಶಾಸ್ತ್ರಕ್ಕೆ ಸಮ್ಮತವಾದುದು. ಹಾಗೆ ಹಾಕಿದವರು ಚಕ್ರದ ನೇರದಲ್ಲಿ ನಿಲ್ಲದೆ ದೂರ ಸರಿಯಬೇಕು. ಸುತ್ತುವ ಚಕ್ರವು ಕಲ್ಲನ್ನು ಕವಣೆಯಂತೆ ಎಸೆಯಬಲ್ಲುದು.

ನೊಗ ಓರೆಯಾಗದಂತೆ ಮೂಕಿಗೆ ಬಿಗಿದು ಕಟ್ಟಿಬಿಟ್ಟರೆ ಏನಾಗುತ್ತದೆ? ಬಲವುಳ್ಳ ಎತ್ತು ತನ್ನ ಪೂರ್ಣ ಬಲವನ್ನು ಗಾಡಿಗೆ ಕೊಡಬಹುದು. ಗದ್ದೆಯಲ್ಲಿ ಉಳುವ ಟ್ರ್ಯಾಕ್ಟರಿನಲ್ಲಿ ಇಂಥದೇ ಏರ್ಪಾಡುಂಟು. ಚಾಲಕನ ಕಾಲಬಳಿ ಇರುವ ಒಂದು ಪೆಡಲನ್ನು ತುಳಿದರೆ ಡಿಫರೆನ್ಷಿಯಲಿಗೆ ಬೀಗ ಬಿದ್ದು, ಎರಡು ಚಕ್ರಗಳೂ ಒಂದೇ ದಂಡಕ್ಕೆ ಬಿಗಿದಂತೆ ಸುತ್ತುತ್ತವೆ. ಆಗ ಕೆಸರಿನ ಚಕ್ರ ತನ್ನ 10 ಪಾಲನ್ನೂ ಗಟ್ಟಿ ನೆಲದ ಚಕ್ರ ತನ್ನ 60 ಪಾಲನ್ನೂ ಕೊಡುತ್ತವೆ. ಗಟ್ಟಿ ನೆಲಕ್ಕೆ ಬಂದೊಡನೆ, ತಿರುಗುವ ಮೊದಲೇ, ಬೀಗವನ್ನು ಬಿಡಿಸಬೇಕು. ಇನ್ನೊಂದು ಎಚ್ಚರಿಕೆಯೂ ಇದೆ. ಆಳವಾಗಿ ಹೂತ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳಿಗೆ ಮರದ ದಿಮ್ಮಿ ಕಟ್ಟಿ ಬಲವಂತದಿಂದ ಹೊರಡಿಸಕೂಡದು. ಚಕ್ರ ತಿರುಗಲಾರದೆ ಹೋದಾಗ ಎಂಜಿನಿನ ಬಲವು ಟ್ರ್ಯಾಕ್ಟರಿನ ಒಡಲನ್ನೇ ಹಿಂದಿನ ಅಚ್ಚಿನ ಸುತ್ತ ಎತ್ತಿ ತಿರುಗಿಸುತ್ತದೆ. ಮೂತಿ ಮೇಲೆದ್ದು ವಾಹನ ಕ್ಷಣಾರ್ಧದಲ್ಲಿ ಚಾಲಕನ ಮೇಲೆ ಮಗುಚಬಹುದು. ಬಲದ ಹಂಚಿಕೆಯನ್ನು ಅರಿಯುವುದು ಜಾಣತನದ ವಿಷಯ ಮಾತ್ರವಲ್ಲ, ಪ್ರಾಣದ ವಿಷಯವೂ ಹೌದು.

ಇನ್ನು ಜೀಪಿನ ಗುಟ್ಟನ್ನು ನೋಡೋಣ. ಸಾಮಾನ್ಯ ಕಾರಿನಲ್ಲಿ ಎಂಜಿನಿನ ಬಲ ಎರಡೇ ಚಕ್ರಗಳಿಗೆ ಹೋಗುತ್ತದೆ. ಹಿಡಿತವು ಚಕ್ರದ ಮೇಲೆ ಬೀಳುವ ಭಾರವನ್ನು ಅವಲಂಬಿಸಿರುವುದರಿಂದ 1,200 ಕಿಲೋಗ್ರಾಂ ತೂಕದ ಕಾರಿನಲ್ಲಿ ಸುಮಾರು ಅರ್ಧ ಭಾರ ಮಾತ್ರವೇ ಉಪಯೋಗಕ್ಕೆ ಬರುತ್ತದೆ. ನಾಲ್ಕು ಚಕ್ರಗಳಿಗೂ ಬಲ ಕೊಟ್ಟರೆ ಭಾರವೆಲ್ಲವೂ ಹಿಡಿತವಾಗಿ ಒದಗುತ್ತದೆ. ಹಾಲೆಂಡಿನ ಸ್ಪೈಕರ್ ಕಂಪನಿಯು 1903ರಲ್ಲಿಯೇ ಇಂಥ ಪೆಟ್ರೋಲ್ ಕಾರನ್ನು ತಯಾರಿಸಿತು. ಎರಡನೆಯ ಮಹಾಯುದ್ಧದಲ್ಲಿ ಜೀಪು ಈ ಚಾಲನೆಯನ್ನು ಲೋಕಪ್ರಸಿದ್ಧಗೊಳಿಸಿತು. ನಮ್ಮ ದೇಶದಲ್ಲಿ ಮಹೀಂದ್ರ ಜೀಪುಗಳೂ 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ಇದನ್ನು ಜನರಿಗೆ ಪರಿಚಯಿಸಿದುವು.

ಈ ಜೀಪುಗಳಲ್ಲಿ ಗೇರಿನ ಪೆಟ್ಟಿಗೆಯ ಜೊತೆಗೆ ಒಂದು ಹಂಚುಪೆಟ್ಟಿಗೆ ಇರುತ್ತದೆ. ಅಲ್ಲಿಂದ ಒಂದು ದಂಡ ಮುಂದಿನ ಅಚ್ಚಿಗೂ ಇನ್ನೊಂದು ಹಿಂದಿನ ಅಚ್ಚಿಗೂ ಹೋಗುತ್ತದೆ. ಕೆಸರು ಬಂದಾಗ ಚಾಲಕನು ಹಿಡಿಯೊಂದನ್ನು ಎಳೆದು ಎರಡನ್ನೂ ಬೆಸೆಯುತ್ತಾನೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು. ಕೆಸರಿನಲ್ಲಿ ಚಕ್ರ ತುಸು ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣಗಿದ ಡಾಂಬರಿನ ಮೇಲೆ ಜಾರಲಾರದೆ ದಂಡಗಳು ತಿರುಚಿ ಯಂತ್ರ ಕೆಡುತ್ತದೆ. ಆದುದರಿಂದ ಅಂಥ ಜೀಪನ್ನು ಗಟ್ಟಿ ರಸ್ತೆಯಲ್ಲಿ ಎರಡು ಚಕ್ರಗಳ ಚಾಲನೆಯಲ್ಲಿಯೇ ಓಡಿಸಬೇಕು.

ಎಲ್ಲ ರಸ್ತೆಗಳಲ್ಲಿಯೂ ನಾಲ್ಕು ಚಕ್ರಗಳಿಂದಲೇ ಓಡಬೇಕಾದರೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಮೂರನೆಯ ಡಿಫರೆನ್ಷಿಯಲ್ ಬೇಕು. ಇಲ್ಲಿ ನೊಗದ ನ್ಯಾಯ ಮತ್ತೆ ಎದುರಾಗುತ್ತದೆ. ಮೂರಕ್ಕೂ ತಡೆಯಿಲ್ಲದಿದ್ದರೆ ನಾಲ್ಕರಲ್ಲಿ ಒಂದೇ ಚಕ್ರ ಜಾರಿದರೂ ಉಳಿದ ಮೂರೂ ಬಲಗುಂದುತ್ತವೆ! 1980ರಲ್ಲಿ ಬಂದ ಜರ್ಮನಿಯ ಆಡಿ ಕ್ವಾಟ್ರೋ ಕಾರಿನಲ್ಲಿ ನಡುವಣ ಡಿಫರೆನ್ಷಿಯಲಿಗೆ ಬೀಗ ಹಾಕುವ ಏರ್ಪಾಡಿತ್ತು. ಮುಂದೆ ಈ ಕೆಲಸವನ್ನು ಚಾಲಕನ ಕೈಯಿಂದ ಬಿಡಿಸಿ ಯಂತ್ರಕ್ಕೇ ವಹಿಸಿದರು. ಕೆಲವು ಕಾರುಗಳಲ್ಲಿ ಸಿಲಿಕೋನ್ ಎಂಬ ಮಂದವಾದ ದ್ರವದೊಳಗೆ ತೆಳು ಬಿಲ್ಲೆಗಳು ಸುತ್ತುತ್ತವೆ. ಒಂದು ಅಚ್ಚು ಜಾರಿ ವೇಗದ ಅಂತರ ಹೆಚ್ಚಿದಾಗ ದ್ರವವು ಬಿಲ್ಲೆಗಳನ್ನು ತಡೆದು ಬಲವನ್ನು ಇನ್ನೊಂದು ಅಚ್ಚಿಗೆ ಕಳುಹಿಸುತ್ತದೆ. ಇನ್ನು ಕೆಲವುಗಳಲ್ಲಿ ಪುಟ್ಟ ಕಂಪ್ಯೂಟರು ಪ್ರತಿ ಚಕ್ರದ ವೇಗವನ್ನು ಅಳೆಯುತ್ತಿದ್ದು, ಬೇಕಾದಾಗ ಕ್ಲಚ್ಚಿನ ಬಿಲ್ಲೆಗಳನ್ನು ಒತ್ತುತ್ತದೆ.

ಮತ್ತೊಂದು ಉಪಾಯ ಸ್ವಾರಸ್ಯವಾದುದು. ಜಾರುವ ಚಕ್ರಕ್ಕೆ ಮಾತ್ರ ಬ್ರೇಕು ಹಾಕುವುದು! 10 ಪಾಲಿನ ಕೆಸರಿಗೆ ಬ್ರೇಕಿನ 50 ಪಾಲು ತಡೆ ಸೇರಿದರೆ ಆ ಕಡೆಗೆ 60 ಪಾಲಾಗುತ್ತದೆ. ಸಮಪಾಲಿನ ನಿಯಮದಂತೆ ಗಟ್ಟಿ ನೆಲದ ಚಕ್ರಕ್ಕೂ 60 ಪಾಲು ದೊರೆಯುತ್ತದೆ. ಟ್ರ್ಯಾಕ್ಟರಿನಲ್ಲಿ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕುಗಳಿರುವುದರಿಂದ ರೈತನೂ ಈ ಉಪಾಯವನ್ನು ಕಾಲಿನಿಂದಲೇ ಮಾಡಬಲ್ಲನು. ಇಂದಿನ ಕೆಲವು ವಿದ್ಯುತ್ ಕಾರುಗಳಲ್ಲಿ ಮುಂದಿನ ಅಚ್ಚಿಗೆ ಒಂದು, ಹಿಂದಿನ ಅಚ್ಚಿಗೆ ಒಂದು ಮೋಟಾರು ಇರುವುದರಿಂದ ನಡುವಣ ದಂಡವೇ ಇಲ್ಲ. ಹಂಚಿಕೆಯೆಲ್ಲ ಲೆಕ್ಕದಿಂದ ನಡೆಯುತ್ತದೆ.

ಈ ಸಾಧನಗಳಿಗೂ ಒಂದು ಮಿತಿಯುಂಟು. ಅವು ಇರುವ ಹಿಡಿತವನ್ನು ಚೆನ್ನಾಗಿ ಬಳಸಬಲ್ಲವೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರವು. ವಾಹನವನ್ನು ನಿಲ್ಲಿಸುವುದು ಬ್ರೇಕು. ಅದು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೆ ಇದ್ದೇ ಇರುತ್ತದೆ. ಒದ್ದೆಯಾದ ರಸ್ತೆಯಲ್ಲಿ ನಾಲ್ಕು ಚಕ್ರಗಳ ಚಾಲನೆಯುಳ್ಳ ಕಾರು ಬೇಗನೆ ಹೊರಟೀತು, ಬೇಗನೆ ನಿಲ್ಲಲಾರದು. ಇದನ್ನು ಮರೆತು ವೇಗವಾಗಿ ಓಡಿಸುವವನು ಯಂತ್ರದ ಗುಣವನ್ನು ಅರ್ಧವಷ್ಟೇ ತಿಳಿದವನು.

ಸಮನಾಗಿ ಹಂಚುವುದು ಒಳ್ಳೆಯದೆಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಗಟ್ಟಿ ರಸ್ತೆಯಲ್ಲಿ ಅದು ಸರಿ. ನೆಲ ಕೈಕೊಟ್ಟಾಗ, ಭಾರವನ್ನು ಹೊರಬಲ್ಲ ಚಕ್ರಕ್ಕೆ ಹೆಚ್ಚು ಬಲ ಕೊಟ್ಟರೆ ಮಾತ್ರ ವಾಹನ ದಡ ಸೇರುತ್ತದೆ. ಆ ಬಲದಿಂದ ಪಾರಾಗುವುದು ನೆಲ ಸಿಕ್ಕಿದ ಚಕ್ರವೊಂದೇ ಅಲ್ಲ. ಜಾರಿದ ಚಕ್ರವೂ ಅದರೊಡನೆ ಕೆಸರಿನಿಂದ ಹೊರಬರುತ್ತದೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ:
1. ಗಾಡಿಯ ಚಕ್ರ ಅಚ್ಚಿನಿಂದ ಕಳಚದಂತೆ ತಡೆಯುವುದು ಯಾವುದು?
2. ಹಿಡಿತ ಎಂದರೇನು?
3. ಗೂಡು ನಿಮಿಷಕ್ಕೆ 100 ಸುತ್ತು ತಿರುಗುವಾಗ ಒಂದು ಚಕ್ರ ಪೂರ್ತಿ ನಿಂತರೆ ಇನ್ನೊಂದು ಎಷ್ಟು ಸುತ್ತು ತಿರುಗುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಲೇಖಕರು ಡಿಫರೆನ್ಷಿಯಲನ್ನು ಎತ್ತಿನ ನೊಗಕ್ಕೆ ಹೇಗೆ ಹೋಲಿಸಿದ್ದಾರೆ?
2. ಹಂಚುಪೆಟ್ಟಿಗೆಯುಳ್ಳ ಜೀಪನ್ನು ಒಣಗಿದ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರಗಳ ಚಾಲನೆಯಲ್ಲಿ ಏಕೆ ಓಡಿಸಬಾರದು?
3. ಜಾರುವ ಚಕ್ರಕ್ಕೆ ಬ್ರೇಕು ಹಾಕುವುದರಿಂದ ಆಗುವ ಪ್ರಯೋಜನವೇನು?

ಇ) ನಿಮ್ಮ ಊರಿನ ಟ್ರ್ಯಾಕ್ಟರು ಚಾಲಕರೊಬ್ಬರನ್ನು ಕಂಡು, ಕೆಸರಿನಲ್ಲಿ ವಾಹನ ಸಿಕ್ಕಿದಾಗ ಅವರು ಮಾಡುವ ಉಪಾಯಗಳನ್ನು ಕೇಳಿ ತಿಳಿದು ಬರೆಯಿರಿ.