ಕಾಡುಹಕ್ಕಿಗಳಿಗೆ ಕೊರಲೆ: ಟ್ರ್ಯಾಕ್ಟರ್ ಇಲ್ಲದವರ ಬೇಸಿಗೆ ಮೇವಿನ ತಾಕು

ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಒಣಭೂಮಿಯಲ್ಲಿ ಅನ್ನಕ್ಕಾಗಿ ಬೆಳೆಯುವ ಕೊರಲೆ 1915ರ ಸುಮಾರಿಗೆ ಭಾರತದಿಂದ ಅಮೆರಿಕಕ್ಕೆ ಹೋಯಿತು. ಜಾರ್ಜಿಯ, ಅಲಬಾಮ, ಫ್ಲಾರಿಡ ರಾಜ್ಯಗಳಲ್ಲಿ ಅದನ್ನು ದನಗಳಿಗೆ ಹುಲ್ಲಿಗಾಗಿಯೂ, ಬೆಳವ ಮತ್ತು ಬಾಬ್‌ವೈಟ್ ಎಂಬ ಲಾವಕ್ಕಿಗಳಿಗೆ ಕಾಳಿಗಾಗಿಯೂ ಬೆಳೆಯುತ್ತಾರೆ. ಬಾಬ್‌ವೈಟ್ ಸಂತತಿ 1960ರ ದಶಕದಿಂದೀಚೆಗೆ ಬಹಳವಾಗಿ ಕುಸಿದಿದೆ. ಆದ್ದರಿಂದ ಸಣ್ಣ ಭೂಮಾಲೀಕರೂ ಜಮೀನಿನ ಅಂಚಿನಲ್ಲಿ ಮೇವಿನ ತಾಕುಗಳನ್ನು ಮಾಡುವುದುಂಟು. ಇವರಲ್ಲಿ ಅನೇಕರ ಬಳಿ ಟ್ರ್ಯಾಕ್ಟರಾಗಲಿ ಕೂರಿಗೆಯಾಗಲಿ ಇರುವುದಿಲ್ಲ. ಬೆನ್ನಿಗೆ ಹೊರುವ ಸಿಂಪರಣಾ ಯಂತ್ರ, ಹೆಗಲಿಗೆ ಹಾಕಿ ಕೈಯಿಂದ ತಿರುಗಿಸುವ ಬಿತ್ತನೆ ಚೀಲ, ಕಬ್ಬಿಣದ ಹಲ್ಲುಗಳ ಕೈಕುಂಟೆ, ಇಷ್ಟರಲ್ಲೇ ಕೆಲಸ ಸಾಗಬೇಕು. ಸಾಗುತ್ತದೆ ಕೂಡ.

ಗರಿಕೆಯೇ ಮೊದಲ ಶತ್ರು

ಅಲ್ಲಿ ಬರ್ಮುಡ ಹುಲ್ಲೆಂದು ಕರೆಯುವುದು ಕನ್ನಡ ನಾಡಿನ ಗರಿಕೆಯನ್ನೇ. ಮೇವಿಗಾಗಿ ಬೆಳೆಸಿದ ಈ ಹುಲ್ಲು ನೆಲವನ್ನು ಚಾಪೆಯಂತೆ ಮುಚ್ಚುತ್ತದೆ. ಹೆಬ್ಬೆರಳ ಗಾತ್ರದ ಲಾವಕ್ಕಿ ಮರಿಗಳು ಅದರೊಳಗೆ ಓಡಾಡಲಾರವು. ಮೊದಲ ವಾರಗಳಲ್ಲಿ ಅವುಗಳಿಗೆ ಬೇಕಾದುದು ಕಾಳಲ್ಲ, ಹುಳುಹುಪ್ಪಟೆ. ಗಿಡಗಳ ನಡುವೆ ಬರಿ ನೆಲವಿದ್ದರೆ ಮಾತ್ರ ಅವು ಹುಳು ಹೆಕ್ಕಬಲ್ಲವು. ಗರಿಕೆಯ ಮೇಲೆ ಎರಚಿದ ಬೀಜವೂ ಮಣ್ಣು ಮುಟ್ಟುವುದಿಲ್ಲ.

ಉಳುವ ಸಾಧನವಿಲ್ಲದವರು ಹಿಂದಿನ ವರ್ಷವೇ ಕೆಲಸ ಆರಂಭಿಸಬೇಕು. ಬೇಸಿಗೆಯ ಕೊನೆಯಲ್ಲಿ, ಹುಲ್ಲು ಇನ್ನೂ ಹಸಿರಾಗಿ ಬೆಳೆಯುತ್ತಿರುವಾಗ, ಗ್ಲೈಫೋಸೇಟ್ ಸಿಂಪಡಿಸುತ್ತಾರೆ. ಮುಂದಿನ ವಸಂತದಲ್ಲಿ ಚಿಗುರು ಕಂಡಲ್ಲಿ ಮತ್ತೊಮ್ಮೆ. ಒಂದೇ ಸಲಕ್ಕೆ ಮುಗಿಸಹೊರಟವರ ತಾಕು ಬಹುಪಾಲು ಪುನಃ ಗರಿಕೆಯ ಪಾಲಾಗುತ್ತದೆ. ಸತ್ತ ಹುಲ್ಲನ್ನು ಅನುಮತಿ ಪಡೆದು, ಸುತ್ತ ಬೆಂಕಿರೇಖೆ ತೆಗೆದು ಚಳಿಗಾಲದಲ್ಲಿ ಸುಟ್ಟರೆ ಮಣ್ಣು ತೆರೆದುಕೊಳ್ಳುತ್ತದೆ. ಸುಡಲಾಗದ ಕಡೆ ಕೈಕುಂಟೆಯಿಂದ ಕೆರೆಯುವುದೊಂದೇ ದಾರಿ. ಬೆವರಿನ ಕೆಲಸ, ಆದರೆ ಬಿಡುವಂತಿಲ್ಲ.

ಆ ಭಾಗದ ಕೆಂಪುಮಣ್ಣು ಸಾಮಾನ್ಯವಾಗಿ ಹುಳಿ. ಮಣ್ಣು ಪರೀಕ್ಷೆಯ ವರದಿಯಲ್ಲಿ ಎಕರೆಗೆ ಒಂದು ಟನ್ ಸುಣ್ಣ ಎಂದಿದ್ದರೆ ಎದೆಗುಂದಬೇಕಾಗಿಲ್ಲ. 10 ಗುಂಟೆಯ ತಾಕಿಗೆ ಅದು 250 ಕಿಲೋ, ಅಂದರೆ 18 ಕಿಲೋ ತೂಕದ 14 ಚೀಲ. ಒಬ್ಬನೇ ಕೈಯಿಂದ ಎರಚಿ ಮುಗಿಸಬಹುದು.

ಬಿತ್ತನೆ

ಮಣ್ಣಿನ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಮಳೆಯ ಸೂಚನೆ ನೋಡಿಕೊಂಡು ಬಿತ್ತಬೇಕು. ಎರಚಿ ಬಿತ್ತಲು ಎಕರೆಗೆ 8ರಿಂದ 10 ಕಿಲೋ ಕೊರಲೆ ಸಾಕು; 10 ಗುಂಟೆಗೆ ಎರಡೂವರೆ ಕಿಲೋ. ಬೀಜ ಸಣ್ಣದಾದ್ದರಿಂದ ಒಣಮರಳು ಬೆರೆಸಿ ಎರಡು ಪಾಲು ಮಾಡಿ, ಒಂದು ಪಾಲನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಎರಚಿದರೆ ಎಲ್ಲೂ ಬರಿದಾಗುವುದಿಲ್ಲ. ಹಳೆಯ ಬೇಲಿಯ ತಂತಿಬಲೆಗೆ ಮರದ ದಿಮ್ಮಿ ಕಟ್ಟಿ ಎಳೆದರೆ ಬೀಜ ತೆಳುವಾಗಿ ಮಣ್ಣಿನಡಿ ಸೇರುತ್ತದೆ. ಅನಂತರ ತುಳಿದು ಒತ್ತುವುದನ್ನು ಮರೆಯಬಾರದು.

ಪೈರು ಸುಮಾರು 60 ದಿನಗಳಲ್ಲಿ ಮಾಗುತ್ತದೆ. ಸೆಪ್ಟೆಂಬರ್ ಆರಂಭಕ್ಕೆ ಕಾಳು ಬೇಕೆನ್ನುವವರು ಜೂನ್ ಉತ್ತರಾರ್ಧದಲ್ಲಿ ಬಿತ್ತುತ್ತಾರೆ, ಏಕೆಂದರೆ ಅಲ್ಲಿ ಬೆಳವದ ಬೇಟೆಯ ಕಾಲ ಆಗಲೇ ತೊಡಗುವುದು. ಬೆಳೆದು ನಿಂತ ಪೈರನ್ನು ಸವರಿ ಕಾಳು ಉದುರಿಸುವುದಕ್ಕೆ ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ; ಕಾಳು ತಂದು ಸುರಿದು ಅದರ ಮೇಲೆ ಬೆಳವ ಬೇಟೆಯಾಡುವುದು ಅಪರಾಧ. ಭಾರತದಲ್ಲಿ ಹಕ್ಕಿಬೇಟೆಯನ್ನೇ 1972ರ ವನ್ಯಜೀವಿ ಕಾಯ್ದೆ ತಡೆದಿದೆ.

ಅಲಸಂದೆ ಬೇಕೇ?

ಕೊರಲೆಯ ಜೊತೆ ಅಲಸಂದೆ ಹಾಕುವ ಆಸೆ ಹಲವರಿಗೆ. ಅದು ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಎಲೆ ಬಿಳಿಬಾಲದ ಜಿಂಕೆಗೆ ಬಲು ರುಚಿ. ತೊಡಕಿರುವುದು ಆ ರುಚಿಯಲ್ಲೇ. ಬೀಜದಳಗಳ ಕೆಳಗೆ ಕಚ್ಚಿಹೋದ ಸಸಿ ಮತ್ತೆ ಚಿಗುರದು. ಜಿಂಕೆ ಹೆಚ್ಚಿರುವ ಕಡೆ 10 ಗುಂಟೆಯ ಅಲಸಂದೆ ಮೊಳೆತ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಮೇಲಾಗಿ ದಪ್ಪ ಬೀಜಕ್ಕೆ ಒಂದಂಗುಲದಷ್ಟು ಆಳ ಬೇಕು. ಎರಚಿ ಬಿಟ್ಟರೆ ಸಾಲದು. ವಿದ್ಯುತ್ ಬೇಲಿ ಹಾಕಲಾರದ ಸಣ್ಣ ತಾಕಿಗೆ ಕೊರಲೆಯೊಂದೇ ಲೇಸು.

ಹಾಕಲೇಬೇಕೆಂದಿದ್ದರೆ ಬಿತ್ತಿದ ದಿನವೇ ತಾಕಿನ ನಡುವೆ ಮೂರು ನಾಲ್ಕು ಅಡಿ ಅಗಲದ ತಂತಿಬಲೆಯ ಬಳೆಯೊಂದನ್ನು ಗೂಟ ಹೊಡೆದು ನಿಲ್ಲಿಸಬೇಕು. ತಿಂಗಳ ನಂತರ ಬಳೆಯೊಳಗಿನ ಸಸಿ ಮೊಣಕಾಲೆತ್ತರ ಬೆಳೆದು ಹೊರಗಿನದು ಮೋಟಾಗಿದ್ದರೆ, ಬೆಳೆ ತಿಂದದ್ದು ಜಿಂಕೆ. ಒಳಗೂ ಹೊರಗೂ ಸಸಿ ಕುಂಠಿತವಾಗಿ ಹಳದಿಯಾಗಿದ್ದರೆ ಜಿಂಕೆಯನ್ನು ದೂರಬೇಕಿಲ್ಲ. ಮಣ್ಣಿನ ವರದಿಯನ್ನು ಇನ್ನೊಮ್ಮೆ ತೆಗೆದು ನೋಡಬೇಕು.